ವಾಚಣ್ಣನ ಮಾಂಸಖಂಡ

ವಾಚಣ್ಣನ ಹೃದಯದ ಗೋಡೆ ದಪ್ಪ. ಅದು ಅಪ್ಪನಿಂದ ಬಂದ ಆಸ್ತಿ, ಅಪ್ಪನಿಗೆ ಅಜ್ಜನಿಂದ ಬಂದದ್ದು. ಹೊಟ್ಟೆ ಮಾತ್ರ ಪೂರ್ತಿ ಸ್ವಯಾರ್ಜಿತ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು ಗಡಿಯಾರ ರಿಪೇರಿ ಮಾಡುತ್ತಾ, ಪಕ್ಕದ ಬೇಕರಿಯ ಬೆಣ್ಣೆ ಬಿಸ್ಕತ್ತು ಮೆಲ್ಲುತ್ತಾ ಬೆಳೆಸಿದ್ದು.

ಹೋದ ತಿಂಗಳು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. "ಅಪ್ಪ ಕೊಟ್ಟಿದ್ದನ್ನ ನಾನು ವಾಪಸ್ ತಗೊಳ್ಳೋಕಾಗಲ್ಲ. ಆದ್ರೆ ಇಂಥ ಹೃದಯಕ್ಕೆ ಮೈಯಲ್ಲಿ ಕೊಬ್ಬು ಸೇರಿದಷ್ಟೂ ಕಷ್ಟ. ತೂಕ ನೋಡಿದ್ರೆ ಸಾಲದು, ಅದರಲ್ಲಿ ಕೊಬ್ಬೆಷ್ಟು, ಮಾಂಸಖಂಡ ಎಷ್ಟು ನೋಡ್ಬೇಕು. ಮುಂದಿನ ಸಲಕ್ಕೆ ಕೊಬ್ಬು ಇಳೀದಿದ್ರೆ ಬಿಸ್ಕತ್ತು ಬಂದ್, ದಿನಾ ಬೆಳಿಗ್ಗೆ ವಾಕಿಂಗು."

ವಾಕಿಂಗ್ ಎಂದರೆ ಎದುರುಮನೆಯ ಡ್ರಿಲ್ ಮೇಷ್ಟ್ರು. ಅವರು ನಿವೃತ್ತರಾಗಿದ್ದರೂ ಅವರ ಪೀಪಿ ನಿವೃತ್ತಿಯಾಗಿರಲಿಲ್ಲ. "ವಾಚಣ್ಣನ್ನ ನನ್ ಕೈಗೆ ಕೊಡಿ, ಹಗ್ಗದ ಥರ ಮಾಡ್ತೀನಿ" ಎಂದು ಬೀದಿಗೆಲ್ಲ ಸಾರಿದ್ದ ಮೇಷ್ಟ್ರು ಈವತ್ತು ಆಸ್ಪತ್ರೆಗೂ ಪೀಪಿಸಮೇತ ಹಾಜರಾಗಿದ್ದರು.

ಕೊಬ್ಬು, ಮಾಂಸಖಂಡ ಅಳೆಯುವ ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. "ಸಣ್ಣದಾಗಿ ಕರೆಂಟ್ ಹರಿಯುತ್ತೆ, ಗೊತ್ತೇ ಆಗಲ್ಲ" ಎಂದಳು ನರ್ಸು.

ವಾಚಣ್ಣನ ಹೆಂಡತಿ ಗಂಡನ ಅಂಗಿ ಹಿಡಿದೆಳೆದಳು. ಮೋಟಾರ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ತಂತಿ ಸುತ್ತುವ ಕೈ, ವಾಚಣ್ಣ ಹಾಗೇ ಹಿಂದಕ್ಕೆ ಬಂದ.

"ಅಯ್ಯೋ, ಕರೆಂಟಾ! ಇವರ ಹೃದಯ ಮೊದ್ಲೇ ಹೀಗಿದೆ. ತಾಳಿ, ನಾನೇ ನಿಂತು ನೋಡ್ತೀನಿ."

ಚಪ್ಪಲಿ ಬಿಟ್ಟು ಹತ್ತೇಬಿಟ್ಟಳು. ಯಂತ್ರ ಕುಯ್ ಎಂದು ಚೀಟಿ ಉಗುಳಿತು. ನರ್ಸು ಅದನ್ನು ವಾಚಣ್ಣನ ಫೈಲಿಗೆ ಸಿಕ್ಕಿಸಿ "ನೆಕ್ಸ್ಟ್!" ಎಂದಳು. ವಾಚಣ್ಣ ಬಾಯಿ ತೆರೆದ. ಬಾಗಿಲ ಬಳಿ ಪೀಪಿ ಒರೆಸುತ್ತಿದ್ದ ಮೇಷ್ಟ್ರು ಕಂಡರು. ಬಾಯಿ ಮುಚ್ಚಿದ.

ಡಾಕ್ಟರಮ್ಮ ಚೀಟಿ ನೋಡಿ ಹುಬ್ಬೇರಿಸಿದರು. "ಭೇಷ್! ಕೊಬ್ಬೆಲ್ಲ ಕರಗಿ ಇಷ್ಟೊಂದು ಮಾಂಸಖಂಡ! ಏನ್ರೀ ಮಾಡಿದ್ರಿ?"

ವಾಚಣ್ಣ ಮೇಜಿನ ಅಂಚಿಗೆ ತಾಗಿದ್ದ ಹೊಟ್ಟೆಯನ್ನು ಉಸಿರು ಕಟ್ಟಿ ಒಳಗೆಳೆದುಕೊಂಡ. ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ಅದು... ಮನೆಗೆಲಸ ಮೇಡಂ. ಕಸ ಗುಡಿಸೋದು, ನೆಲ ಒರೆಸೋದು, ಪಾತ್ರೆ ತಿಕ್ಕೋದು, ಬಟ್ಟೆ ಒಗೆದು ಟೆರೇಸ್ ಮೇಲೆ ಹರವೋದು."

"ಇನ್ನೇನು?"

ಬಿಟ್ಟ ಬಾಣ ಎಲ್ಲಿ ನಿಲ್ಲುತ್ತದೆ? "ನೀರಿನ ಕ್ಯಾನು ಮೇಲಕ್ಕೆ ಹೊರೋದು."

"ಅದೊಂದು ಬೇಡ. ಭಾರ ಎತ್ತೋದು ನಿಮ್ಮ ಹೃದಯಕ್ಕೆ ಆಗಲ್ಲ, ಮನೆಯವರು ಮಾಡ್ಲಿ. ಉಳಿದದ್ದೆಲ್ಲ ಒಂದು ದಿನಾನೂ ತಪ್ಪಿಸ್ಬೇಡಿ, ನಿಧಾನವಾಗಿ ಮಾಡಿ."

"ನಾನ್ ನೋಡ್ಕೋತೀನಿ ಮೇಡಂ" ಎಂದರು ಮೇಷ್ಟ್ರು ಬಾಗಿಲಲ್ಲೇ. "ನಮ್ಮ ಕಿಟಕಿಗೆ ಅವರ ಮನೆಯೆಲ್ಲ ಕಾಣುತ್ತೆ."

ಸಂಜೆ ನೆಲ ಒರೆಸುತ್ತಿದ್ದ ವಾಚಣ್ಣನಿಗೆ ಬಕೆಟಿನ ಪಕ್ಕದಲ್ಲಿ ತಟ್ಟನೆ ಹೊಳೆಯಿತು.

"ಏನೇ, ಬೆಳಗಾದ್ರೆ ಕರೆಂಟಿನ ಜೊತೆನೇ ಬಾಳೋಳು ನೀನು. ಈವತ್ತೇನು ಅಷ್ಟು ಭಯ?"

ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಹೆಂಡತಿ ನಕ್ಕಳು. "ಭಯ ಯಾಕ್ರೀ? ಡಾಕ್ಟರಮ್ಮಂಗೂ ನರ್ಸಿಗೂ ನಿನ್ನೆನೇ ಹೇಳಿಟ್ಟಿದ್ದೆ. ನೀವು ನಿಜ ಹೇಳಿದ್ರೆ ಮೇಷ್ಟ್ರು, ಸುಳ್ಳು ಹೇಳಿದ್ರೆ ಪೊರಕೆ." ಆಮೇಲೆ ಅವಳ ದನಿ ಸಣ್ಣಗಾಯಿತು. "ಮಾವ ಹೋದ ಹಾಗೆ ನೀವು ಹೋಗೋದು ನಂಗೆ ಬೇಡಾರೀ."

ವಾಚಣ್ಣನ ದಪ್ಪ ಹೃದಯ ಮೆತ್ತಗಾಯಿತು. ಕಣ್ಣೂ ಒದ್ದೆಯಾಯಿತು. ಕಣ್ಣೊರೆಸಿಕೊಂಡು ನೋಡಿದರೆ ಹೆಂಡತಿಯ ಮಡಿಲಲ್ಲಿ ಅವನದೇ ಬಿಸ್ಕತ್ತು ಡಬ್ಬಿ. ಕೊನೆಯದನ್ನು ಕಟುಕ್ಕೆಂದು ಕಡಿಯುತ್ತಿದ್ದಾಳೆ.

"ನಂಗೆ ಪರವಾಗಿಲ್ವಂತೆ" ಎಂದಳು ಫೈಲಿನಿಂದ ಆ ಚೀಟಿ ತೆಗೆದು ಬೀಸುತ್ತಾ. "ಮಾಂಸಖಂಡ ಇದ್ಯಲ್ಲ. ಆ ಮೂಲೆ ಬಿಟ್ಟಿದ್ದೀರಿ ನೋಡಿ."

ಎದುರು ಕಿಟಕಿಯಿಂದ ಪೀಪಿ ಕೇಳಿಸಿತು.