ರೊಟ್ಟಿ ಹೆಚ್ಚಾಗ್ಯಾವ

ಉಣ್ಣುವವನು ಉಂಡು ಏಳಬೇಕು, ಪದಾರ್ಥದ ಪೂರ್ವಾಪರವನ್ನು ಕೆದಕಬಾರದು ಎಂದು ತಿಳಿದವರು ಹೇಳುತ್ತಾರೆ. ಈ ಉಪದೇಶವನ್ನು ನಾನು ಒಂದು ದಿನವೂ ಪಾಲಿಸಿದವನಲ್ಲ. ತಾಟಿನ ಮುಂದೆ ಕುಳಿತೊಡನೆ, ‘ಇದು ನಿನ್ನೆ ಏನಾಗಿತ್ತು?’ ಎಂಬ ಪ್ರಶ್ನೆ ನನ್ನಲ್ಲಿ ತಾನಾಗಿಯೇ ಏಳುತ್ತದೆ. ಮನುಷ್ಯನ ಪೂರ್ವಜನ್ಮದಲ್ಲಿ ನನಗೆ ವಿಶೇಷ ಆಸಕ್ತಿಯಿಲ್ಲ; ಪಲ್ಯದ ಪೂರ್ವಜನ್ಮದಲ್ಲಿ ಇದೆ. ರಾತ್ರಿಯ ಅನ್ನವು ಮುಂಜಾನೆ ಅರಿಷಿಣ ಹಚ್ಚಿಕೊಂಡು, ಒಗ್ಗರಣೆಯ ಸಪ್ಪಳ ಮಾಡುತ್ತ ಹೊಸ ಮದುಮಗಳಂತೆ ಬಂದರೂ ನಾನು ಗುರುತು ಹಿಡಿಯುತ್ತೇನೆ. ನಿನ್ನೆಯ ಬೇಳೆ ಹಿಟ್ಟಿನೊಳಗೆ ಅಡಗಿ ಥಾಲಿಪೀಟದ ವೇಷದಲ್ಲಿ ಬಂದರೂ ಬಿಡುವುದಿಲ್ಲ. ಹೋಳಿಗೆಯ ಮರುದಿನದ ಕಟ್ಟಿನ ಸಾರು ಮೊದಲ ದಿನಕ್ಕಿಂತ ರುಚಿಯೆಂಬುದನ್ನು ಒಪ್ಪುತ್ತೇನೆ. ಆದರೆ ಅದು ಮರುದಿನದ್ದೆಂಬುದನ್ನು ನೀಡುವ ಮುಂಚೆ ನನಗೆ ತಿಳಿಸಬೇಕು. ಜಮಖಂಡಿಯ ಕಚೇರಿಯಲ್ಲಿ ಹಳೆಯ ಕಾಗದಗಳ ವಯಸ್ಸು ನೋಡುತ್ತಲೇ ನೌಕರಿ ಮುಗಿಸಿದವನು ನಾನು. ಮನೆಯಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಕೂಡ್ರಲು ಹೇಗೆ ಸಾಧ್ಯ?

ನಮ್ಮ ಮನೆಯಾಕೆಗೆ ಈ ವಿಚಾರಣೆ ಸೇರುವುದಿಲ್ಲ. “ರುಚಿ ಆಗೈತೋ ಇಲ್ಲೋ, ಅಷ್ಟ ಹೇಳ್ರಿ. ಅದು ಹುಟ್ಟಿದ ತಿಥಿ ತಗೊಂಡ ಏನ್ ಲಗ್ನಾ ಮಾಡವರದೀರೇನು?” ಎನ್ನುತ್ತಾಳೆ. ಹೀಗೆ ಅಂದದ್ದು ಒಂದು ಸಲವಲ್ಲ. ಪ್ರತಿ ಸಲವೂ ನನಗೆ ನೆನಪಿದೆ.

ಆದರೂ ಮನೆಯವರು ಅಂದದ್ದನ್ನು ನುಂಗಬಹುದು. ಬೀಗರು ಅಂದದ್ದನ್ನು ನುಂಗಲಾಗದು. ನನ್ನ ಮಗನ ಮಾವ ರಬಕವಿಯ ಸೀರೆ ವ್ಯಾಪಾರಿ. ಲಗ್ನವಾದ ಹೊಸತರಲ್ಲಿ ಅವರು ನಮ್ಮಲ್ಲಿಗೆ ಬಂದಾಗ, ನಮ್ಮಾಕೆ ತನ್ನ ಥಾಲಿಪೀಟವನ್ನು ಅಭಿಮಾನದಿಂದ ನೀಡಿದಳು. ಬೀಗರು ಒಂದು ತುತ್ತು ಅಗಿದು, ಓಣಿಯ ಹಿರಿಯರೆಲ್ಲ ಪಂಕ್ತಿಯಲ್ಲಿದ್ದಾಗ, “ಬೀಗರ, ನಿಮ್ಮ ಮನ್ಯಾಗ ಇವತ್ತಿನ ಅಡಗಿ ಉಣಬೇಕಾದರ ನಾಳೆ ಬರಬೇಕೇನ್ರಿ?” ಎಂದರು. ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನನ್ನ ಖಾಸಾ ತಮ್ಮ. ಅಂದು ಬೀಗರು ಸುತ್ತಿದ್ದ ಪಟಕದ ಬಣ್ಣವನ್ನು ಸಹ ನಾನು ಇಂದು ಹೇಳಬಲ್ಲೆ. ಮುಂದೆ ಜಮಖಂಡಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬೀಗರ ಆ ಮಾತು ಮಾತ್ರ ನನ್ನಲ್ಲಿ ವಿಲೀನವಾಗಲಿಲ್ಲ. ಈ ಮನುಷ್ಯ ಮತ್ತೊಮ್ಮೆ ನಮ್ಮಲ್ಲಿ ಉಂಡರೆ, ತಾಟಿನಲ್ಲಿ ನಿನ್ನೆಯದೆಂಬುದು ಒಂದು ಅಗುಳೂ ಇರಕೂಡದು, ಅದನ್ನು ಅವರ ಬಾಯಿಂದಲೇ ಒಪ್ಪಿಸಬೇಕು ಎಂದು ನಿಶ್ಚಯಿಸಿದೆ.

ಆ ಸುದಿನ ಬಂದಾಗ ನಮ್ಮಾಕೆ ಮುಧೋಳದಲ್ಲಿ ತಂಗಿಯ ಮನೆಗೆ ಹೋಗಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಅಡಿಗೆಮನೆಯಲ್ಲಿ ಇದ್ದವಳು ಸೊಸೆ ನೀಲವ್ವ, ಅಂದರೆ ಬೀಗರ ಮಗಳೇ. ರಬಕವಿಯ ಮೋಟಾರು ಇಳಿದು, ಸುದ್ದಿ ಕೊಡದೆ, ಸರಿಯಾಗಿ ಉಣ್ಣುವ ಹೊತ್ತಿಗೆ ಬೀಗರು ಬಾಗಿಲಲ್ಲಿ ನಿಂತರು. ಅವರಿಗೆ ಕಾಲು ತೊಳೆಯಲು ನೀರು ಕೊಟ್ಟು, ನಾನು ಅಡಿಗೆಮನೆಯ ಹೊಸ್ತಿಲಿಗೆ ಧಾವಿಸಿದೆ.

“ನೀಲವ್ವಾ, ನಿನ್ನಿ ರೊಟ್ಟಿ ಉಳದಾವೇನ?”

“ಹೆಚ್ಚಾಗ್ಯಾವ್ರಿ ಮಾವಾರ,” ಎಂದಳು ಒಲೆಯ ಮುಂದಿನಿಂದ.

ಕೇಳಿ ನನ್ನ ಎದೆ ತಂಪಾಯಿತು. ಕಾರಣ ಹೇಳುತ್ತೇನೆ. ನಮ್ಮ ಕಡೆಯ ಹೆಂಗಸರು ಅಡಿಗೆಮನೆಯಲ್ಲಿ ‘ಇಲ್ಲ’, ‘ತೀರಿತು’ ಎಂಬ ಅಶುಭದ ಮಾತು ಆಡುವುದಿಲ್ಲ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯ ತಳ ಕಂಡಾಗ ‘ಉಪ್ಪ ಹೆಚ್ಚಾಗೈತಿ’ ಎನ್ನುತ್ತಾರೆ. ಗಂಡಸು ಅದನ್ನು ಕೇಳಿ ಕೈಚೀಲ ಹಿಡಿದು ಅಂಗಡಿಗೆ ನಡೆಯಬೇಕು. ಆದುದರಿಂದ ನಿನ್ನೆಯ ರೊಟ್ಟಿ ನಿಃಶೇಷವಾಗಿ ತೀರಿವೆ ಎಂದು ಅರ್ಥಮಾಡಿಕೊಂಡೆ; ವ್ಯಾಕರಣದ ಪ್ರಕಾರ ನನ್ನ ಅರ್ಥದಲ್ಲಿ ಇಂದಿಗೂ ದೋಷವಿಲ್ಲ.

ಊಟಕ್ಕೆ ಕುಳಿತೊಡನೆ ಬೀಗರಿಗೆ, “ಇವತ್ತ ನಮ್ಮ ಮನ್ಯಾಗ ನಿನ್ನೀದು ಅನ್ನೂದ ಹುಡುಕಿದ್ರೂ ಸಿಗೂದಿಲ್ಲರಿ,” ಎಂದೆ. ಬೀಗರು “ಹಂಗೇನ್ರಿ?” ಎಂದಷ್ಟೇ ಅಂದರು. ನೀಲವ್ವ ಇಬ್ಬರಿಗೂ ಹಬೆಯಾಡುವ ಪದಾರ್ಥವೊಂದನ್ನು ನೀಡಿದಳು. ಉಳ್ಳಾಗಡ್ಡಿ, ಕರಿಬೇವು, ಮೇಲೆ ಶೇಂಗಾದ ಪುಡಿ, ಬದಿಗೆ ಕೆನೆಮೊಸರು. ನಾನು ಕಣ್ಣು ಮುಚ್ಚಿ ಪರೀಕ್ಷಿಸಿದೆ. “ಹೊಸಾ ಜೋಳದ ನುಚ್ಚಿನ ಉಪ್ಪಿಟ್ಟು. ಇವತ್ತ ಒಡದ ನುಚ್ಚು,” ಎಂದು ತೀರ್ಪು ಕೊಟ್ಟೆ.

ಬೀಗರು ಉಂಡರು, ಮತ್ತೆ ನೀಡಿಸಿಕೊಂಡರು. “ಖರೆ ಹೇಳ್ತೀನ್ರಿ ಬೀಗರ, ಬಾಳ ಛಲೋ ಆಗೈತಿ. ನಮ್ಮ ಮನ್ಯಾಗೂ ಸೋಮಾರಕ್ಕೊಮ್ಮೆ ಮಾಡ್ತಾರ. ಇದನ್ನ ಉಂಡ ಅಂಗಡಿ ತಗದ್ರ ವ್ಯಾಪಾರಾ ಜೋರ.”

ಇಷ್ಟಕ್ಕೆ ನಾನು ಸುಮ್ಮನಾಗಬಹುದಿತ್ತು. ಆದರೆ ಸಾಕ್ಷಿಯಿಲ್ಲದ ಗೆಲುವು ಗೆಲುವೇ? ಒಳಗೆ ಮುಖ ಮಾಡಿ ಕೂಗಿದೆ: “ನೀಲವ್ವಾ, ನಿನ್ನಿ ರೊಟ್ಟಿ ಏನಾದುವು, ನಿಮ್ಮಪ್ಪಗ ಹೇಳವ್ವಾ.”

“ತಾಟನ್ಯಾಗ ಅದಾವಲ್ರಿ ಮಾವಾರ.”

“ಅಲ್ಲವ್ವಾ, ಹೆಚ್ಚಾಗ್ಯಾವ ಅಂದಿದ್ದೆಲ್ಲ?”

“ಹೌದ್ರಿ, ಬಾಳ ಹೆಚ್ಚಾಗಿದ್ದುವು. ಅದಕ್ಕ ಒರಳಾಗ ಕುಟ್ಟಿ, ಮಜ್ಜಗಿ ಚಿಮುಕಿಸಿ ಒಗ್ಗರಣಿ ಕೊಟ್ಟೆ.”

ನೇರವಾಗಿ ಕೇಳಿದ್ದಕ್ಕೆ ಅವಳು ನೇರವಾಗಿಯೇ ಉತ್ತರಿಸಿದ್ದಳು. ಶುಭಾಶುಭದ ಗೊಡವೆಗೆ ಹೋಗಿರಲಿಲ್ಲ. ಬೀಗರು ನಗತೊಡಗಿದರು. ಅದು ಸಾಮಾನ್ಯ ನಗೆಯಲ್ಲ; ಮೊಸರಿನ ಬಟ್ಟಲು ಹಿಡಿದುಕೊಳ್ಳಬೇಕಾಯಿತು. “ಹೊಸಾ ಜೋಳ! ಇವತ್ತ ಒಡದ ನುಚ್ಚು!” ಎಂದು ತೊಡೆ ತಟ್ಟಿಕೊಂಡರು. ಇದು ರಬಕವಿ, ಬನಹಟ್ಟಿಯ ಪ್ರತಿ ಮಗ್ಗಕ್ಕೂ ಮುಟ್ಟುವುದು ನಿಶ್ಚಿತವೆಂದು ತಿಳಿದು ನಾನು ತಾಟನ್ನೇ ನೋಡುತ್ತ ಕುಳಿತೆ.

ಆಗ ನೀಲವ್ವ ಸೆರಗು ಸರಿಪಡಿಸಿಕೊಂಡು ಬಾಗಿಲಿಗೆ ಬಂದಳು. “ಯಪ್ಪಾ, ಅಷ್ಟ ಯಾಕ ನಗತಿ? ಇದನ್ನ ಕಲಿಸಿದಾಕಿ ಅವ್ವ. ಸೋಮಾರ ನೀ ಉಣ್ಣೂದು ಐತಾರದ ರೊಟ್ಟಿ. ನಿನಗ ಹೇಳಿದ್ರ ಉಣ್ಣಂಗಿಲ್ಲ ಅಂತ ನುಚ್ಚ ಅಂತಾಳ.”

ಬೀಗರ ಕೈ ತುತ್ತಿನೊಡನೆ ನಡುವೆಯೇ ನಿಂತಿತು. ಈಗ ನಗುವ ಸರದಿ ನನ್ನದು. ಅದನ್ನು ನಾನು ಪೂರ್ಣವಾಗಿ ಬಳಸಿಕೊಂಡೆ. ಅವರು ತುತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡು, “ಇನ್ನಷ್ಟ ನೀಡ ಯವ್ವಾ. ಖರೆ ತಿಳದಮ್ಯಾಲೆ ಹೆಂಗ ಹತ್ತತೈತಿ ನೋಡೂಣು,” ಎಂದರು. ಮೆತ್ತಗೆ ಅಗಿದರು. “ಅದ ರುಚಿ ಐತ್ರಿ ಬೀಗರ,” ಎಂದರು. ನನಗೂ ಕುತೂಹಲ ತಡೆಯಲಿಲ್ಲ. ನಾನೂ ನೀಡಿಸಿಕೊಂಡೆ. ಪಾತ್ರೆ ಬರಿದಾಯಿತು.

ಮನೆಯಾಕೆ ಮುಧೋಳದಿಂದ ಬಂದೊಡನೆ, ಬೀಗರು ಬೆಪ್ಪಾದ ಭಾಗವನ್ನಷ್ಟೇ ಆರಿಸಿ, ಸವಿಸ್ತಾರವಾಗಿ ವರದಿ ಒಪ್ಪಿಸಿದೆ. ಅವಳು ಗಂಟು ಬಿಚ್ಚುತ್ತ ಕೇಳಿದಳು.

“ಬೀಗರದೊಂದ ಏನ ಹೇಳ್ತೀರಿ? ಇಷ್ಟ ವರ್ಷ ನೀವು ಹೊಸಾದು ಅಂತ ಹೊಗಳಿದ್ದೆಲ್ಲಾ ನಿನ್ನೀದು. ನಿನ್ನೀದು ಅಂತ ಜಗಳಾ ತಗದದ್ದೆಲ್ಲಾ ಹೊಸಾದು.”

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆದೆ. ತೆರೆದ ಬಾಯಿ ನೋಡಿ ಅವಳು, “ಹಸಿವ್ಯಾಗೈತೇನ್ರಿ?” ಎಂದು ಒಳಗಿನಿಂದ ಏನನ್ನೋ ತಂದು ಮುಂದಿಟ್ಟಳು. ಉಂಡೆ. ಬಹಳ ಸೊಗಸಾಗಿತ್ತು, ಆದರೆ ಹಾಗೆಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.