ಬೀಗರು ತಂದ ಅಶ್ವಗಂಧದ ಲೇಹ್ಯ

ಮೊದಲು ವಿಷಯ ಹೇಳಿಬಿಡುತ್ತೇನೆ, ಉಸಿರು ಆಮೇಲೆ ತೆಗೆದುಕೊಳ್ಳುತ್ತೇನೆ. ನಾನು ಅಜ್ಜಿಯಾದೆ! ಮೊನ್ನೆ ಗುರುವಾರ ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಕೆಂಪಗೆ, ದುಂಡಗೆ, ಎರಡೂ ಮುಷ್ಟಿ ಬಿಗಿಹಿಡಿದುಕೊಂಡು ಯಾರ ಮೇಲೋ ಜಗಳಕ್ಕೆ ಬಂದವಳಂತೆ ಬಂದಿದ್ದಾಳೆ! ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಬರೆಯಲು ಕೂತಿದ್ದೇನೆಂದರೆ ಸಂತೋಷ ಎಲ್ಲಿಯವರೆಗೆ ಉಕ್ಕಿರಬೇಕು, ನೀವೇ ಲೆಕ್ಕ ಹಾಕಿಕೊಳ್ಳಿ.

ಆದರೆ ಇದು ಮಗುವಿನ ಕಥೆಯಲ್ಲ, ಮಗುವಿನ ತಾತನದು. ಅಂದರೆ ನನ್ನ ಅಳಿಯನ ತಂದೆ, ನಮ್ಮ ಬೀಗರದು. ಶಿವಮೊಗ್ಗದಲ್ಲಿ ಅವರ ಕಷಾಯದಿಂದ ತಪ್ಪಿಸಿಕೊಂಡವರು ಎರಡೇ ಜಾತಿಯವರು: ಓಡಲು ಬರುವವರು ಮತ್ತು ಇನ್ನೂ ಹುಟ್ಟದವರು.

ಬೀಗರು ಮೂವತ್ತು ವರ್ಷ ಲಾರಿ ಮೆಕ್ಯಾನಿಕ್ ಆಗಿದ್ದವರು. ಮಂಡಿ ನೋವು ಬಂದು ಗ್ಯಾರೇಜು ಮುಚ್ಚಿದ ಮೇಲೆ ಮನುಷ್ಯರ ರಿಪೇರಿಗೆ ಇಳಿದರು. ಮನೆಯ ತಾರಸಿಯ ಮೇಲೆ ಹಳೇ ಟೈರು, ಆಯಿಲ್ ಡಬ್ಬಗಳಲ್ಲಿ ಅಶ್ವಗಂಧ, ಒಂದೆಲಗ, ತುಳಸಿ. ಮೆಟ್ಟಿಲ ಕಂಬಿಗೆ ಅಮೃತಬಳ್ಳಿ. ಅವರ ವೈದ್ಯಶಾಸ್ತ್ರವೆಲ್ಲ ಗ್ಯಾರೇಜಿನ ಭಾಷೆಯಲ್ಲೇ. ಒಂದೆಲಗ ಎಂದರೆ ರೇಡಿಯೇಟರಿನ ನೀರು, ಕಾದ ತಲೆಗೆ. ಅಮೃತಬಳ್ಳಿ ಎಂದರೆ ಆಯಿಲ್ ಫಿಲ್ಟರು. ಇನ್ನು ಅಶ್ವಗಂಧ, ನಮ್ಮಜ್ಜಿ ಹಿರೇಮದ್ದು ಎನ್ನುತ್ತಿದ್ದ ಆ ಬೇರು? "ಅದು ಶಾಕ್ ಅಬ್ಸಾರ್ಬರ್ ಬೀಗಿತ್ತಿಯವ್ರೇ! ರೋಡಲ್ಲಿರೋ ಗುಂಡಿ ಅದರಿಂದ ಮುಚ್ಚಲ್ಲ. ಆದ್ರೆ ಗುಂಡಿಗೆ ಬಿದ್ರೂ ಸೊಂಟ ಮುರಿಯಲ್ಲ."

ಹೆಣ್ಣು ನೋಡಲು ಭದ್ರಾವತಿಗೆ, ಓಲ್ಡ್ ಟೌನಿನ ನಮ್ಮ ಮನೆಗೆ ಬಂದ ದಿನ ಎಲ್ಲರೂ ನನ್ನ ಮಗಳನ್ನು ನೋಡಿದರೆ ಇವರು ನೋಡಿದ್ದು ನನ್ನನ್ನು! ಕಾಫಿ ಕೊಡಲು ಹೋದೆ. ಲೋಟ ಟಣಟಣ ಎನ್ನುತ್ತಿತ್ತು. ಕಣ್ಣು ಮುಚ್ಚಿ ಅದನ್ನೇ ಕೇಳಿಸಿಕೊಂಡು, "ಐಡ್ಲಿಂಗ್ ಜಾಸ್ತಿ ಇದೆ. ಗಾಡಿ ನಿಂತಿದ್ರೂ ಇಂಜಿನ್ ಓಡ್ತಾ ಇದೆ. ರಾತ್ರಿ ನಿದ್ದೆ ಬರಲ್ಲ ಅಲ್ವಾ?" ಎಂದರು. ನಿಜ ಹೇಳಬೇಕೆಂದರೆ ನನಗೆ ನಿದ್ದೆ ಬಂದು ವರ್ಷಗಳಾಗಿದ್ದವು. ಗ್ಯಾಸ್ ಆಫ್ ಮಾಡಿದೆನೇ, ಬಾಗಿಲು ಹಾಕಿದೆನೇ, ಯಜಮಾನರ ಗೊರಕೆ ಯಾಕೆ ನಿಂತಿತು, ಹೀಗೆ. ಅವರ ಹೆಂಡತಿ, ನಮ್ಮ ಬೀಗಿತ್ತಿ, ಅಲ್ಲೇ ಹಣೆ ಚಚ್ಚಿಕೊಂಡರು. "ಸಂಬಂಧ ಕುದುರೋಕೆ ಮುಂಚೇನೇ ಶುರು ಮಾಡಿದ್ರಾ ಮಾರಾಯ್ರೇ!"

ಇನ್ನೊಮ್ಮೆ ಸರ್ಕಲ್ಲಿನಲ್ಲಿ ಹೆಲ್ಮೆಟ್ ಇಲ್ಲವೆಂದು ಪೊಲೀಸಪ್ಪ ಇವರ ಸ್ಕೂಟರು ಹಿಡಿದ. ಇವರು ಲೈಸೆನ್ಸ್ ತೆಗೆಯುವ ಬದಲು, "ಸಾರ್, ನಾಲಿಗೆ ತೋರ್ಸಿ" ಎಂದರು. ದಿನವಿಡೀ ಹಾರ್ನ್ ಕೇಳಿ ಅವನ ತಲೆ ಕಾದಿದೆಯಂತೆ! ದಂಡದ ಜೊತೆಗೆ ಒಂದು ಕಟ್ಟು ಒಂದೆಲಗವನ್ನೂ ಅವನ ಕೈಗಿತ್ತು, ಚಟ್ನಿ ಮಾಡುವ ವಿಧಾನವನ್ನು ಹಸಿರು ದೀಪ ಮೂರು ಸಲ ಬಂದು ಹೋಗುವವರೆಗೆ ವಿವರಿಸಿ ಬಂದರು. ಈಗ ಇವರ ಸ್ಕೂಟರು ಕಂಡರೆ ಪೊಲೀಸಪ್ಪನೇ ಬೇರೆ ರಸ್ತೆಗೆ ಓಡುತ್ತಾನೆ!

ನಗುತ್ತಿದ್ದೀರಾ? ನಗಿ. ನಾನೂ ನಗುತ್ತಿದ್ದೆ, ಆ ಐದು ದಿನಗಳು ಬರುವವರೆಗೆ.

ನನ್ನ ಮಗಳಿಗೆ ಮೊದಲ ಬಸಿರು ಮೂರು ತಿಂಗಳಿಗೇ ಕೈತಪ್ಪಿತ್ತು. ಎರಡನೆಯದಕ್ಕೆ ಮೂರು ವರ್ಷ ಕಾದೆವು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ನಮ್ಮ ಮನೆಗೆ ಕರೆತಂದೆ. ಎರಡು ದಿನಕ್ಕೇ ಬೀಗರು ಎರಡು ಬಾಟಲಿ ತಂದರು. ಎರಡರಲ್ಲೂ ಕಪ್ಪನೆಯ ಲೇಹ್ಯ.

"ಇದು ನೆಲ್ಲಿಕಾಯಿ, ಬೆಲ್ಲ. ಡಾಕ್ಟರಮ್ಮನ್ನ ಕೇಳೇ ಮಾಡಿದ್ದು, ಮಗಳಿಗೆ. ಇದು ಅಶ್ವಗಂಧ, ನಿಮಗೆ ಮಾತ್ರ. ಬಸುರಿ ಮುಟ್ಟಬಾರ್ದು. ತಿಳೀತಾ?" ಮೂರು ಸಲ ಹೇಳಿದರು. ಮೂರು ಸಲವೂ ತಲೆಯಾಡಿಸಿದೆ.

ಬಾಟಲಿಗಳಿಗೆ ಗ್ರೀಸಿನ ವಾಸನೆ. ಅಂಥದ್ದನ್ನು ದೇವರ ಗೂಡಿನ ಪಕ್ಕ ಇಡುವುದು ಹೇಗೆ? ಎರಡು ಸ್ಟೀಲಿನ ಡಬ್ಬಿ ತೊಳೆದು, ಬೇಗ ಬೇಗ ಅದಕ್ಕೆ ಸುರಿದು, ಬಾಟಲಿಗಳನ್ನು ಗುಜರಿಯವನಿಗೆ ಹಾಕಿಬಿಟ್ಟೆ. ಸ್ಟೀಲ್ ಪಾತ್ರೆಗಳ ಸಂಗತಿ ನಿಮಗೆ ಗೊತ್ತೇ ಇದೆ: ಮದುವೆಗೆ ಕೊಟ್ಟದ್ದರ ಮೇಲೆಲ್ಲ ಹೆಸರು ಕೆತ್ತಿಸಿರುತ್ತಾರೆ. ಒಂದು ನನ್ನ ಮದುವೆಯ ಡಬ್ಬಿ, ನನ್ನ ಹೆಸರಿನದು. ಇನ್ನೊಂದು ಮಗಳ ಮದುವೆಯದು, ಅವಳ ಹೆಸರಿನದು. ಸುರಿಯುವಾಗ ಯಾವ ಹೆಸರಿನ ಡಬ್ಬಿಗೆ ಯಾವ ಲೇಹ್ಯ ಎಂದು ನೋಡಲೇ ಇಲ್ಲ! ಮರುದಿನದಿಂದ ಮಾತ್ರ ಇಬ್ಬರೂ ಹೆಸರು ನೋಡಿಕೊಂಡೇ ತಿಂದೆವು.

ಐದು ದಿನ ನಾನು ದಿನಾ ಬೆಳಿಗ್ಗೆ ಒಂದು ಚಮಚ ತಿಂದು, "ಆಹಾ, ಮನಸ್ಸು ಎಷ್ಟು ನಿರಾಳ! ಬೀಗರ ಕೈಗುಣವೇ ಗುಣ" ಎಂದು ಯಜಮಾನರ ಮುಂದೆ ಹೊಗಳಿದ್ದೇ ಹೊಗಳಿದ್ದು. ಆರನೇ ದಿನ ಮಗಳು ಚಮಚ ನೆಕ್ಕುತ್ತಾ, "ಅಮ್ಮ, ಈ ನೆಲ್ಲಿಕಾಯಿ ಯಾಕೆ ಕುದುರೆ ಲಾಯದ ವಾಸ್ನೆ ಬರುತ್ತೆ? ಒಂಚೂರೂ ಹುಳಿ ಇಲ್ಲ" ಎಂದಳು.

ನನ್ನ ಡಬ್ಬಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಹುಳಿ! ಐದು ದಿನ ನನ್ನನ್ನು ನಿರಾಳ ಮಾಡಿದ್ದು ಬರೀ ನೆಲ್ಲಿಕಾಯಿ!

ಬೀಗರಿಗೆ ಫೋನ್ ಮಾಡಿದೆ. ಅತ್ತೆನೋ, ಮಾತಾಡಿದೆನೋ ನೆನಪಿಲ್ಲ. ಶಿವಮೊಗ್ಗದಿಂದ ಆ ಹಳೇ ಸ್ಕೂಟರಿನಲ್ಲಿ ಹೇಗೆ ಬಂದರೋ, ನಾನು ಮಗಳಿಗೆ ಸೀರೆ ಸರಿಮಾಡಿ ಮುಗಿಸುವುದರೊಳಗೆ ಬಾಗಿಲಲ್ಲಿದ್ದರು. ಹೇಗಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಎರಡೂ ಡಬ್ಬಿ ಮೂಸಿ, ಹೆಸರು ಓದಿ, ಹೊರಗೆ ಬಂದು ಆಟೋ ಕರೆದರು.

ಆಸ್ಪತ್ರೆಗೆ ಅಳಿಯನೂ ಅವನ ತಾಯಿಯೂ ಓಡಿಬಂದರು. ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿ, ಸ್ಕ್ಯಾನ್ ಮಾಡಿಸಿ, "ಸದ್ಯಕ್ಕೆ ಎಲ್ಲಾ ಸರಿಯಾಗೇ ಕಾಣ್ತಿದೆ. ಆದ್ರೆ ಇನ್ಮೇಲೆ ವಾರ ವಾರ ಬಂದು ತೋರಿಸ್ಬೇಕು" ಎಂದರು. ಆಮೇಲೆ ಕನ್ನಡಕ ತೆಗೆದರು. "ಬಸುರಿಗೆ ಅಶ್ವಗಂಧ ಕೊಟ್ಟ ಬುದ್ಧಿವಂತರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಬೀಗರು ಎದ್ದು ನಿಂತರು.

"ನಾನೇ ಮೇಡಮ್," ಎಂದರು ಬೀಗರು. "ಬಾಟ್ಲಿ ಅದಲುಬದಲು ಕೊಟ್ಬಿಟ್ಟೆ. ವಯಸ್ಸಾಯ್ತು, ಮರೆವು."

ಆಗಲೂ ನಾನು ಬಾಯಿ ಬಿಡಲಿಲ್ಲ. ಯಾಕೆ? ಅಳಿಯನ ಮುಖ ನೋಡಿದೆ, ಭಯವಾಯಿತು. ಅಷ್ಟೇ. ಬೀಗಿತ್ತಿ ಮನೆಗೆ ಹೋದವರೇ ತಾರಸಿಯ ಟೈರುಗಳನ್ನೆಲ್ಲ ಖಾಲಿ ಮಾಡಿಸಿದರು. ಮಣ್ಣು ಹೊತ್ತು ಕೆಳಗಿಳಿಸಿದ್ದೂ ಬೀಗರೇ, ಆ ಮಂಡಿ ನೋವಿನಲ್ಲಿ. ಮಗ ಅಪ್ಪನ ಜೊತೆ ಮಾತು ಬಿಟ್ಟ.

ಆಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಗಂಟೆಗೊಮ್ಮೆ ಮಗಳನ್ನು, "ಒದೀತಾ? ಈಗ ಒದೀತಾ?" ಎಂದು ಕೇಳುತ್ತಿದ್ದೆ. ಅವಳು ರೇಗಿ, "ನೀನು ಹಿಂಗೇ ಕೇಳ್ತಿದ್ರೆ ಅದು ಹೊರಗೆ ಬಂದು ನಿನ್ನನ್ನೇ ಒದೆಯುತ್ತೆ ನೋಡು!" ಎನ್ನುತ್ತಿದ್ದಳು. ಬೀಗರೂ ಬರುತ್ತಿದ್ದರು, ಬರಿಗೈಯಲ್ಲಿ. ಮೊಣಕಾಲ ಮೇಲೆ ಕೈಯಿಟ್ಟು ಕೂತು, "ಒದೀತಿದೆಯಾ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ಇಂಜಿನ್ನಿನ ಮಾತೇ ಇಲ್ಲ. ಅದಕ್ಕಿಂತ ಅವರು ನನಗೆ ನಾಲ್ಕು ಬೈದಿದ್ದರೆ ಸುಖವಿತ್ತು.

ಗುರುವಾರ ಬೆಳಿಗ್ಗೆ ಹೆರಿಗೆ ವಾರ್ಡಿನ ಮುಂದೆ ನಾನೂ ಬೀಗರೂ ಒಂದೇ ಬೆಂಚಿನಲ್ಲಿದ್ದೆವು. ಮಗಳಿಗೆ ಬಿಪಿ ಏರಿದೆ ಎಂದಿದ್ದರು. ಬೆಂಚು ಅದುರುತ್ತಿತ್ತು. ನಾನೇ ನಡುಗುತ್ತಿದ್ದೇನೆ ಎಂದುಕೊಂಡು ಎದ್ದು ನಿಂತೆ. ಆಗಲೂ ಬೆಂಚು ಅದುರುತ್ತಲೇ ಇತ್ತು.

ಅಷ್ಟರಲ್ಲಿ ಒಳಗಿಂದ ಅಳು! ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದಳು. "ಹೆಣ್ಣು. ಮೂರು ಕೆಜಿ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ."

"ಎಲ್ಲಾ… ಎಲ್ಲಾ ಪಾರ್ಟೂ ಸರಿಯಾಗಿದೆಯಾ ಸಿಸ್ಟರ್?" ಎಂದರು ಬೀಗರು.

"ಹಾರ್ನ್ ಕೇಳಿಸ್ಲಿಲ್ವಾ ತಾತ? ಪಕ್ಕದ ವಾರ್ಡೆಲ್ಲ ಎದ್ದು ಕೂತಿದೆ!"

ಸಂಜೆ ಬೀಗಿತ್ತಿ ಮನೆಯಿಂದ ಅಡುಗೆ ಮಾಡಿಕೊಂಡು ಬಂದರು. ಬಾಣಂತಿಗೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ನಮಗೆಲ್ಲ ತೊವ್ವೆ, ಹುರುಳಿಕಾಯಿ ಪಲ್ಯ, ಹಪ್ಪಳ. ವಾರ್ಡಿನ ಕೋಣೆಯಲ್ಲೇ ಪೇಪರು ಹಾಸಿ ಕೂತೆವು. ಬೀಗರು ಮಾತ್ರ ಬಾಗಿಲ ಹೊರಗೆ ನಿಂತು, ಹಸಿವಿಲ್ಲ ಎಂದರು. "ಹೇಗೆ ಇರುತ್ತೆ ಹಸಿವು?" ಎಂದರು ಬೀಗಿತ್ತಿ. "ಮಾಡಿದ್ದು ನೆನಪಾದ್ರೆ ಗಂಟಲಲ್ಲಿ ಅನ್ನ ಇಳೀಬೇಕಲ್ಲ."

ನನ್ನ ಕೈಯಲ್ಲಿ ಅನ್ನದ ಸೌಟಿತ್ತು. ಅದನ್ನು ಹಿಡಿದುಕೊಂಡೇ ಹೇಳಿಬಿಟ್ಟೆ. ಅವರು ಸರಿಯಾಗಿಯೇ ಕೊಟ್ಟಿದ್ದರು, ಮೂರು ಸಲ ಹೇಳಿದ್ದರು, ಡಬ್ಬಿಗೆ ಸುರಿದು ಕಲಸುಮೇಲೋಗರ ಮಾಡಿದವಳು ನಾನು, ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳೂ ನಾನು ಎಂದು.

ಅಳಿಯ ತಟ್ಟೆ ನೋಡುತ್ತಾ ಕೂತ. ಬೀಗಿತ್ತಿ ಗಂಡನ ಕಡೆ ತಿರುಗಿ, "ನನ್ಗಾದ್ರೂ ಹೇಳ್ಬಾರ್ದಿತ್ತಾ?" ಎಂದರು.

"ಹೆತ್ತ ತಾಯಿ ಕೈಯಿಂದ ಹಿಂಗಾಯ್ತು ಅಂದ್ರೆ ಈಯಮ್ಮ ಉಳೀತಿದ್ರಾ?" ಎಂದರು ಬೀಗರು. "ನಂಗೆ ಬೈಗುಳ ಅಭ್ಯಾಸ ಇದೆ, ಬಿಡು."

ಅಳಿಯ ಎದ್ದು ಹೋಗಿ ಅಪ್ಪನ ಕೈ ಹಿಡಿದು ಒಳಗೆ ಕರೆತಂದು ತನ್ನ ಪಕ್ಕ ಕೂರಿಸಿಕೊಂಡ. ಮಂಚದ ಮೇಲಿಂದ ಮಗಳು, "ಅಮ್ಮ, ಅತ್ತಿದ್ದು ಸಾಕು, ಮಾವಂಗೆ ಬಡಿಸು" ಎಂದಳು. ಬಡಿಸಿದೆ. ಬೀಗಿತ್ತಿ ತಮ್ಮ ತಟ್ಟೆಯ ಹಪ್ಪಳ ತೆಗೆದು ಗಂಡನ ತಟ್ಟೆಗೆ ಹಾಕಿದರು. ಬೀಗರು ತಲೆ ತಗ್ಗಿಸಿಕೊಂಡು ತಿಂದರು, ಮೂರು ಸಲ ಅನ್ನ ಹಾಕಿಸಿಕೊಂಡು. ನಾವೂ ತಿಂದೆವು. ತೊವ್ವೆಗೆ ಉಪ್ಪು ಹಾಕಿರಲೇ ಇಲ್ಲ. ಒಬ್ಬರೂ ಕೇಳಲಿಲ್ಲ.