ಎರಡು ಸಾಲು ಮೇಲಿನ ತಾತ

ತಾಕ್ ಸೊಂಗ್‌ಗುವಿನ ಲಾಂಡ್ರಿಯಲ್ಲಿ ಒಗೆದ ಬಟ್ಟೆಗೆ ಹುರಿದ ಕೋಳಿಯ ವಾಸನೆ ಬರತೊಡಗಿ ಆಗಲೇ ಒಂದು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ಮದುಮಗನೊಬ್ಬ ತನ್ನ ಮದುವೆಯ ಸೂಟನ್ನು ಮೂಸಿ ನೋಡಿ ಕಿಡಿಕಿಡಿಯಾದ. "ಏನ್ರೀ ಇದು! ಇದನ್ನ ಹಾಕ್ಕೊಂಡು ನಿಂತ್ರೆ ನೆಂಟರೆಲ್ಲ ನನ್ನನ್ನೇ ಊಟಕ್ಕೆ ಇಟ್ಟಿದಾರೆ ಅಂದ್ಕೋತಾರೆ!" ಎಂದು ಸೂಟನ್ನು ಮೇಜಿನ ಮೇಲೆ ಎಸೆದು ಹೋದ. ಹೀಗೇ ಆದರೆ ವರ್ಷ ಕಳೆಯುವುದರೊಳಗೆ ಅಂಗಡಿಗೆ ಬೀಗ ಗ್ಯಾರಂಟಿ.

ಇದಕ್ಕೆಲ್ಲ ಕಾರಣ ಪಕ್ಕದ ಕೋಳಿ ಅಂಗಡಿಯ ತಾಕ್ ಪಿಲ್‌ಮೊ. ಎಣ್ಣೆಜಿಡ್ಡು ಮೆತ್ತಿದ ಸ್ಕೂಟರನ್ನು, ಹಿಂದಿನ ಕೋಳಿ ಡಬ್ಬದ ಸಮೇತ, ತಂದು ಲಾಂಡ್ರಿಯ ಬಾಗಿಲಿಗೇ ಒರಗಿಸುತ್ತಿದ್ದ. ಏನಾದರೂ ಅನ್ನೋಣವೆಂದರೆ ಪಿಲ್‌ಮೊಗೆ ಐವತ್ತೆಂಟು, ಸೊಂಗ್‌ಗುವಿಗೆ ನಲವತ್ತೊಂದು. ದೇಜೊನ್ ನಗರದ ಆ ಬೀದಿಯಲ್ಲಿ ಹಿರಿಯನೆದುರು ಕಿರಿಯ ದನಿ ಏರಿಸುವ ಮಾತೇ ಇಲ್ಲ.

ಆದರೂ ಅವತ್ತು ತಡೆಯಲಾಗಲಿಲ್ಲ. "ಅಣ್ಣಾ, ದಯವಿಟ್ಟು ಗಾಡಿ ಆ ಕಡೆ..."

"ನೀನು ಚಡ್ಡಿ ಒದ್ದೆ ಮಾಡ್ಕೋತಿದ್ದಾಗ ನಾನು ಸೈನ್ಯದಲ್ಲಿ ಬಂದೂಕು ಹೊತ್ತೋನು ಕಣೋ. ನನಗೇ ಬುದ್ಧಿ ಹೇಳ್ತೀಯಾ?"

ಎದುರಿನ ಕ್ಷೌರದಂಗಡಿಯ ಓಕ್‌ಬುನ್ ಕತ್ತರಿ ಹಿಡಿದೇ ಓಡಿಬಂದಳು. ಅರ್ಧ ಕತ್ತರಿಸಿದ ತಲೆಯ ಗಿರಾಕಿಯೂ ಹಿಂದೆಯೇ ಬಂದ. "ಜಗಳ ಯಾಕ್ರಪ್ಪಾ? ಇಬ್ರೂ ತಾಕ್ ಮನೆತನ, ಮೂಲದ ಊರೂ ಒಂದೇ. ಲೈಬ್ರರಿಗೆ ಹೋಗಿ ವಂಶಾವಳಿ ನೋಡ್ಕೊಂಬನ್ನಿ. ತಲೆಮಾರಿನ ವರಸೇಲಿ ಯಾರು ದೊಡ್ಡೋರೋ ಅವರೇ ದೊಡ್ಡೋರು. ಆಮೇಲೆ ವಯಸ್ಸು ಯಾವ ಲೆಕ್ಕ?"

ಪಿಲ್‌ಮೊ ಹೊಟ್ಟೆ ಕುಣಿಸಿ ನಕ್ಕ. "ಹತ್ತೋ ಗಾಡಿ!"

ಸೊಂಗ್‌ಗು ಕೋಳಿ ಡಬ್ಬ ತಬ್ಬಿಕೊಂಡು ಹಿಂದೆ ಕೂತ.

ಲೈಬ್ರರಿಯ ವಂಶಾವಳಿ ಕೋಣೆಯಲ್ಲಿ ನಿವೃತ್ತ ಮುದುಕರು ಸ್ವಂತ ಮನೆಯ ಜಗಲಿಯಲ್ಲಿ ಕೂತಂತೆ ಕೂತಿದ್ದರು. ದಿನವಿಡೀ ಊರವರ ಮುತ್ತಾತಂದಿರನ್ನು ಹುಡುಕಿಕೊಡುವುದೇ ಅವರ ಕೆಲಸ. ಭೂತಗನ್ನಡಿ ಹಿಡಿದ ಮಿನ್ ಅಜ್ಜ ತಾಕ್ ಮನೆತನದ ದಪ್ಪ ಸಂಪುಟ ಬಿಡಿಸಿ, ನಾಲ್ಕು ಪುಟ ತಿರುವುವಷ್ಟರಲ್ಲಿ ಪಿಲ್‌ಮೊನ ಹೆಸರಿನ ಮೇಲೆ ಬೆರಳಿಟ್ಟ. ಸೊಂಗ್‌ಗುವಿನ ಹೆಸರು ಮಾತ್ರ ಎಷ್ಟು ಹುಡುಕಿದರೂ ಇಲ್ಲ.

"ನೋಡಿದ್ರಾ! ಇವನು ನಮ್ಮೋನೇ ಅಲ್ಲ. ಎಲ್ಲಿಂದಲೋ ಗಾಳೀಲಿ ಹಾರಿ ಬಂದ ತಾಕ್!" ಎಂದ ಪಿಲ್‌ಮೊ. ಕೋಣೆಯ ಮುದುಕರೆಲ್ಲ ಕನ್ನಡಕ ಏರಿಸಿ ಸೊಂಗ್‌ಗುವನ್ನು ಕಳ್ಳನೋಟು ನೋಡಿದಂತೆ ನೋಡಿದರು. ಅವನು ತಾಯಿಗೆ ಫೋನು ಮಾಡಿದ.

"ಅಮ್ಮಾ, ನಾನು ಯಾರಮ್ಮಾ?"

"ಬೆಳಬೆಳಿಗ್ಗೇನೇ ಕುಡಿದಿದ್ದೀಯೇನೋ?" ಆಕೆಯ ದನಿ ಮೌನದ ಕೋಣೆಯಲ್ಲೆಲ್ಲ ಕೇಳಿಸಿತು. ವಿಷಯ ತಿಳಿದ ಮೇಲೆ ಕಿಸಕ್ಕನೆ ನಕ್ಕಳು. "ಅಯ್ಯೋ ಪೆದ್ದೇ, ವಂಶಾವಳಿಗೆ ನಿಮ್ತಾತ ನಿನ್ನ ತಲೆಮಾರಿನೋರಿಗೆಲ್ಲ ಇಡೋ ಅಕ್ಷರ ಸೇರಿಸಿ ಬೇರೆ ಹೆಸರು ಬರೆಸಿದ್ರು. ಆ ಹೆಸರು ಹಿಡಿದು ಕರೆದ್ರೆ ನೀನು ಹೋ ಅಂತ ಅಳ್ತಿದ್ದೆ. ಅದಕ್ಕೇ ಬಿಟ್ವಿ."

ಆಕೆ ಹೇಳಿದ ಆ ಹೆಸರು ಕೇಳಿದ್ದೇ ಮಿನ್ ಅಜ್ಜನ ಬೆರಳು ಪುಟದ ಮೇಲೆ ಸರಸರ ಓಡಿ ನಿಂತಿತು. ಇನ್ನೊಮ್ಮೆ ಎಣಿಸಿದ. ಆಮೇಲೆ ಪಿಲ್‌ಮೊನ ಕಡೆ ತಿರುಗಿದ.

"ಒಂದು ಸಾಲು ಅಂದ್ರೆ ಒಂದು ತಲೆಮಾರು. ಇವರು ನಿನಗಿಂತ ಎರಡು ಸಾಲು ಮೇಲೆ. ವರಸೇಲಿ ನಿನಗೆ ತಾತ. ಏನು ನೋಡ್ತೀಯಯ್ಯಾ, ಬಗ್ಗು!"

ಪಿಲ್‌ಮೊ ಎಷ್ಟೇ ಒರಟನಾದರೂ ಕುಲಾಚಾರ ಬಿಟ್ಟವನಲ್ಲ. ಸೊಂಟ ಲಟಕ್ಕೆನ್ನುವಂತೆ ಬಗ್ಗಿ, "ತಪ್ಪಾಯ್ತು ತಾತಾ" ಎಂದ. ಮುದುಕರು ಚಪ್ಪಾಳೆ ತಟ್ಟಿದರು. ಸೊಂಗ್‌ಗುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊಮ್ಮಗನನ್ನು ಮುಂದೆ ಕಳಿಸಿ, ತಾತನ ಗತ್ತಿನಲ್ಲಿ ಕೈ ಹಿಂದೆ ಕಟ್ಟಿಕೊಂಡು, ಒಂದು ಬಟ್ಟಲು ನೂಡಲ್ಸ್ ಉಂಡು, ನಿಧಾನವಾಗಿ ನಡೆದೇ ಬಂದ.

ಲಾಂಡ್ರಿಯ ಮುಂದೆ ಸ್ಕೂಟರ್ ಇರಲಿಲ್ಲ! ಅಬ್ಬಾ, ಬಾಗಿಲು ಎಷ್ಟು ಅಗಲವಿದೆ ಎಂದು ಅವನಿಗೆ ಅವತ್ತೇ ಗೊತ್ತಾದದ್ದು. ಸಂತೋಷದಿಂದ ಕಣ್ಣು ತುಂಬಿಕೊಂಡೇ ಒಳಗೆ ಕಾಲಿಟ್ಟ.

ಸ್ಕೂಟರ್ ಒಳಗಿತ್ತು. ತೂಗುಹಾಕಿದ ಬಿಳಿ ಅಂಗಿಗಳ ಕೆಳಗೆ, ಬಿಸಿ ಡಬ್ಬದಿಂದ ಹಬೆಯಾಡಿಸುತ್ತ ನಿಂತಿತ್ತು. ಪಕ್ಕದಲ್ಲಿ ಪಿಲ್‌ಮೊ ಎರಡೂ ಕೈಯಲ್ಲಿ ಕೋಳಿಯ ತಟ್ಟೆ ಹಿಡಿದು ಬಗ್ಗಿದ್ದ.

"ಇಷ್ಟು ದಿನ ಯಾರದೋ ಅಂಗಡಿ ಅಂತ ಹೊರಗೇ ನಿಲ್ಲಿಸ್ತಿದ್ದೆ, ತಾತಾ. ತಾತನ ಮನೆ ಅಂತ ಗೊತ್ತಾದ್ಮೇಲೂ ಹೊರಗೆ ನಿಲ್ಲಿಸಿದ್ರೆ ನಾಲ್ಕು ಜನ ಏನಂತಾರೆ?"

ಸೊಂಗ್‌ಗು ಬಾಯಿ ತೆರೆದ. ಕಿಟಕಿಯಲ್ಲಿ ಇಣುಕುತ್ತಿದ್ದ ಓಕ್‌ಬುನ್ ಮೂಗೊರೆಸಿಕೊಂಡಳು. "ಏನೂ ಅನ್ಬೇಡಿ ತಾತಾ. ಪಾಪ, ಮೊಮ್ಮಗ ಇಷ್ಟು ಪ್ರೀತಿಯಿಂದ ಬಂದಿರೋವಾಗ ಗದರಿದ್ರೆ ನಿಮ್ಮ ಹಿರಿತನಕ್ಕೆ ಒಪ್ಪಲ್ಲ." ಹಿಂದೆ ನಿಂತಿದ್ದ ಬೀದಿಯವರೆಲ್ಲ ಹೌದು ಹೌದೆಂದು ತಲೆದೂಗಿದರು. ಸೊಂಗ್‌ಗು ತಟ್ಟೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತ.

"ಅಂದಹಾಗೆ ತಾತಾ, ಬಾಗಿಲಿನ ಆ ಇನ್ನೊಂದು ಕದಾನೂ ಸ್ವಲ್ಪ ತೆಗೀತೀರಾ?" ಎಂದ ಪಿಲ್‌ಮೊ ವಿನಯದಿಂದ. "ನನ್ನ ಮಗನೂ ಗಾಡಿ ತಗೊಂಡು ಬರ್ತಿದಾನೆ. ನಿಮ್ಮ ಮರಿಮೊಮ್ಮಗ."

ಸೊಂಗ್‌ಗು ತಾತ ಎದ್ದು ಹೋಗಿ ಬಾಗಿಲು ತೆಗೆದ.